ಕಾಲವರಿತು ತೆರೆಯುವ ಕವಾಟ



ಈ ಸಂಜೆ ನಾವು ಮಾತನಾಡಲು ಎತ್ತಿಕೊಂಡಿರುವ ವಿಷಯ ಮೋಟಾರು ಬಂಡಿಯ ಯಂತ್ರದ ಉಸಿರಾಟ. ಯಂತ್ರಕ್ಕೂ ಉಸಿರುಂಟೆ ಎಂದು ಯಾರಾದರೂ ಕೇಳಿದರೆ, ಉಂಟೆಂದೇ ನಮ್ಮ ಉತ್ತರ. ಗಾಳಿಯನ್ನು ಒಳಗೆಳೆದುಕೊಂಡು, ಅದರಿಂದ ಆಹಾರವನ್ನು ದಹಿಸಿ, ಉಳಿದುದನ್ನು ಹೊರಕ್ಕೆ ಬಿಡುವುದೇ ಉಸಿರಾಟವಾದರೆ, ಪೆಟ್ರೋಲು ಯಂತ್ರವು ನಮಗಿಂತಲೂ ಕ್ರಮವಾಗಿ ಉಸಿರಾಡುವುದು. ಆದರೆ ಒಂದು ವ್ಯತ್ಯಾಸವುಂಟು. ಮೆಲ್ಲಗೆ ನಡೆಯುವಾಗ ನಾವು ಉಸಿರೆಳೆಯುವ ರೀತಿ ಬೇರೆ, ಬೆಟ್ಟವನ್ನು ಹತ್ತುವಾಗ ಎಳೆಯುವ ರೀತಿ ಬೇರೆ. ಯಂತ್ರಕ್ಕೆ ಬಹುಕಾಲ ಈ ಸ್ವಾತಂತ್ರ್ಯವಿರಲಿಲ್ಲ. ಅದು ಹೇಗೆ ದೊರೆಯಿತು, ದೊರೆತುದರಿಂದ ಬಂಡಿಯಲ್ಲಿ ಕುಳಿತ ನಮಗೇನು ಲಾಭವಾಯಿತು, ದೊರೆತುದನ್ನು ಅಲಕ್ಷಿಸಿದರೆ ಏನಾಗುವುದು, ಈ ಮೂರು ಮಾತುಗಳನ್ನು ನಮಗೆ ಗೊತ್ತುಪಡಿಸಿರುವ ಕಾಲದೊಳಗೆ ಆದಷ್ಟು ಸುಲಭವಾಗಿ ಹೇಳಲು ಯತ್ನಿಸುವೆವು.

ನಾವಿರುವುದು ಬೆಂಗಳೂರಿನ ದಕ್ಷಿಣದಲ್ಲಿ, ಜಯಪ್ರಕಾಶ ನಗರದ ಏಳನೆಯ ಹಂತಕ್ಕೆ ಹೊಂದಿಕೊಂಡಿರುವ ಪುಟ್ಟೇನಹಳ್ಳಿಯಲ್ಲಿ. ಯಲಹಂಕದ ಬಳಿಯೂ ಇದೇ ಹೆಸರಿನ ಕೆರೆಯೊಂದಿರುವುದರಿಂದ ದಿಕ್ಕನ್ನು ಸೂಚಿಸಬೇಕಾಯಿತು. ಹೊಲಗದ್ದೆಗಳೆಲ್ಲ ಮನೆಗಳಾದ ಮೇಲೂ ನಮ್ಮ ಪುಟ್ಟೇನಹಳ್ಳಿಯಲ್ಲಿ ಒಂದು ಸಣ್ಣ ಕೆರೆ ಉಳಿದುಕೊಂಡಿದೆ. ಅದನ್ನು ಉಳಿಸಿಕೊಳ್ಳುವುದಕ್ಕಾಗಿಯೇ ನೆರೆಹೊರೆಯವರು ೨೦೧೦ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡರು. ನಮ್ಮ ಸೀಮೆಯ ಕೆರೆಗಳ ವ್ಯವಸ್ಥೆಯನ್ನು ಬಲ್ಲ ಹಿರಿಯರಿಗೆ ನೀರುಗಂಟಿ ಎಂಬವನ ನೆನಪು ಇದ್ದೇ ಇರುವುದು. ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಅವನ ವಿದ್ಯೆ. ಕೆರೆ ತುಂಬಿದಾಗ ಒಂದು ಲೆಕ್ಕ, ಬರಿದಾದಾಗ ಇನ್ನೊಂದು ಲೆಕ್ಕ; ಸಸಿಮಡಿಗೆ ಒಂದು ಅಳತೆ, ತೆನೆ ಬಿಟ್ಟ ಗದ್ದೆಗೆ ಇನ್ನೊಂದು ಅಳತೆ. ವರ್ಷವೆಲ್ಲ ಒಂದೇ ಗಳಿಗೆಗೆ ಒಂದೇ ಗೇಣು ತೂಬನ್ನೆತ್ತುವ ನೀರುಗಂಟಿಯನ್ನು ಯಾವ ಊರಿನವರೂ ಇಟ್ಟುಕೊಳ್ಳುತ್ತಿರಲಿಲ್ಲ. ಮೋಟಾರು ಯಂತ್ರದಲ್ಲಿಯಾದರೋ ಸುಮಾರು ನೂರು ವರ್ಷ ಅಂತಹ ನೀರುಗಂಟಿಯೇ ಕೆಲಸ ಮಾಡುತ್ತಿದ್ದನು!

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ಒಂದು ದಿನದ ಫಜೀತಿಯಿಂದ. ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಹಳೆಯ ಪೆಟ್ರೋಲು ಕಾರೊಂದಿದೆ. ಕೆಲವು ಕಾಲದಿಂದ ಅದು ವಿಚಿತ್ರವಾಗಿ ವರ್ತಿಸುತ್ತಿದ್ದಿತು. ನಲವತ್ತು ಐವತ್ತು ಕಿಲೋಮೀಟರು ವೇಗದಲ್ಲಿ ಮೊದಲಿನಂತೆಯೇ ಸಲೀಸಾಗಿ ಓಡುವುದು. ಮೈಸೂರಿನ ಹೊಸ ಹೆದ್ದಾರಿಯಲ್ಲಿ ವೇಗವನ್ನು ಬಹಳ ಹೆಚ್ಚಿಸಿದರೆ ಏದುಸಿರು ಬಿಡುವುದು. ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರಂತೆ ನಡುಗಿ ಒಮ್ಮೊಮ್ಮೆ ನಿಂತೇಹೋಗುವುದು. ಒಂದು ಬೆಳಗ್ಗೆ ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಿತು. ಎಂಬತ್ತರ ಸಮೀಪದ ವಯಸ್ಸು. ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಸಾರಕ್ಕಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹಸುರಾಗುವ ಹೊತ್ತಿಗೆ ಸರಿಯಾಗಿ ಬಂಡಿ ಉಸಿರು ನಿಲ್ಲಿಸಿತು. ಹಿಂದೆ ನೂರು ಬಂಡಿಗಳ ಕೂಗು. ಪಕ್ಕದಲ್ಲಿ ತಾಯಿಯವರ ಉಸಿರಿನ ಸದ್ದು. ಮೂರನೆಯ ಪ್ರಯತ್ನಕ್ಕೆ ಯಂತ್ರ ಹತ್ತಿಕೊಂಡಿತು. ಆಸ್ಪತ್ರೆಯನ್ನು ಸೇರಿದೆವು, ತಾಯಿಯವರು ಚೇತರಿಸಿಕೊಂಡರು. ಆದರೆ ಆ ಎರಡು ನಿಮಿಷಗಳನ್ನು ನಾವು ಮರೆಯಲಿಲ್ಲ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಭೌತವಿಜ್ಞಾನವನ್ನು ಪಾಠ ಹೇಳಿದ ನಮಗೆ, ನಾವು ಕುಳಿತ ಬಂಡಿ ಏತಕ್ಕೆ ನಿಂತಿತೆಂಬುದು ತಿಳಿಯದೆಹೋಯಿತಲ್ಲ ಎಂಬ ನಾಚಿಕೆಯೂ ಕಾಡಿತು.

ಈಗ ಯಂತ್ರದ ಒಳಗೆ ಸ್ವಲ್ಪ ನೋಡೋಣ. ಜರ್ಮನಿಯ ನಿಕೊಲಾಸ್ ಆಟೋ ಎಂಬಾತನು ೧೮೭೬ರಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಕ್ರಮವೇ ಇಂದಿಗೂ ನಡೆದುಬಂದಿದೆ. ಸಿಲಿಂಡರೆಂಬ ಕೊಳವೆಯಲ್ಲಿ ಪಿಸ್ಟನ್ ಎಂಬ ಆಡುಬೆಣೆ ಮೇಲಕ್ಕೂ ಕೆಳಕ್ಕೂ ಆಡುವುದು. ಮೊದಲನೆಯ ಸಲ ಕೆಳಕ್ಕಿಳಿಯುವಾಗ ಗಾಳಿಯನ್ನೂ ಪೆಟ್ರೋಲನ್ನೂ ಒಳಕ್ಕೆ ಸೆಳೆಯುವುದು. ಮೇಲೇರುವಾಗ ಅದನ್ನು ಅದುಮುವುದು. ಕಿಡಿ ತಾಕಿ ಮಿಶ್ರಣ ಉರಿದಾಗ ಆ ಒತ್ತಡಕ್ಕೆ ಮತ್ತೆ ಕೆಳಕ್ಕೆ ತಳ್ಳಲ್ಪಡುವುದು. ಕೊನೆಗೆ ಮೇಲೇರುತ್ತ ಹೊಗೆಯನ್ನು ಹೊರದೂಡುವುದು. ನಾಲ್ಕು ನಡೆಗಳಲ್ಲಿ ಮೂರನೆಯದೊಂದೇ ದುಡಿಮೆ. ಉಳಿದ ಮೂರೂ ಅದಕ್ಕೆ ಸಿದ್ಧತೆ. ಸಿಲಿಂಡರಿನ ತಲೆಯಲ್ಲಿ ಎರಡು ಬಗೆಯ ಬಾಗಿಲುಗಳಿವೆ. ಗಾಳಿ ಬರುವುದಕ್ಕೆ ಒಳಗವಾಟ, ಹೊಗೆ ಹೋಗುವುದಕ್ಕೆ ಹೊರಗವಾಟ. ಇವನ್ನು ತೆರೆಯುವುದು ಕ್ಯಾಮ್ ಎಂಬ, ಮೊಟ್ಟೆಯ ಆಕಾರದ ಉಬ್ಬುಗಳುಳ್ಳ ಒಂದು ದಂಡ. ಆಡುಬೆಣೆಗಳು ತಿರುಗಿಸುವ ಮುಖ್ಯ ದಂಡಕ್ಕೆ ಇದನ್ನು ಸರಪಳಿಯಿಂದಲೋ ಪಟ್ಟಿಯಿಂದಲೋ ಕಟ್ಟಿರುವರು. ಮುಖ್ಯ ದಂಡ ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮ್ ದಂಡ ಒಂದು ಸುತ್ತು ಬರುವುದು. ಉಬ್ಬು ಕೆಳಮುಖವಾದಾಗ ಕವಾಟ ತೆರೆಯುವುದು, ಸರಿದಾಗ ಬಿಲ್ಲುಸುರುಳಿಯ ಬಲದಿಂದ ಮುಚ್ಚಿಕೊಳ್ಳುವುದು.

ಕವಾಟವು ಆಡುಬೆಣೆಯ ಜೊತೆಜೊತೆಗೇ ತೆರೆದು ಮುಚ್ಚಿದರೆ ಸಾಲದೆ ಎಂದು ತೋರಬಹುದು. ಸಾಲದು. ಗಾಳಿಗೂ ತೂಕವುಂಟು, ತೂಕವುಳ್ಳುದಕ್ಕೆ ಜಡತ್ವವುಂಟು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ದೊಡ್ಡ ಬಸವಣ್ಣನ ಗುಡಿಯ ಬಾಗಿಲಿಗೆ ಜನ ನುಗ್ಗುವುದನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುವುದು. ಬಾಗಿಲು ತೆರೆದೊಡನೆಯೇ ಹಿಂದಿನವರು ಚಲಿಸುವುದಿಲ್ಲ. ಚಲಿಸತೊಡಗಿದ ಮೇಲೆ ನಿಲ್ಲಿರೆಂದರೂ ನಿಲ್ಲುವುದಿಲ್ಲ. ಹಾಗೆಯೇ ಯಂತ್ರವು ವೇಗವಾಗಿ ಓಡುವಾಗ, ಆಡುಬೆಣೆ ತಳವನ್ನು ಮುಟ್ಟಿ ಮೇಲಕ್ಕೆ ಹೊರಟ ಮೇಲೂ, ಒಳಗವಾಟ ಇನ್ನೂ ಸ್ವಲ್ಪ ಹೊತ್ತು ತೆರೆದಿದ್ದರೆ, ನುಗ್ಗುತ್ತಿರುವ ಗಾಳಿ ಇನ್ನಷ್ಟು ಒಳಸೇರುವುದು. ಹೆಚ್ಚು ಗಾಳಿ ಸೇರಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಹೆಚ್ಚು ಉರಿದರೆ ಹೆಚ್ಚು ಶಕ್ತಿ.

ಆದರೆ ಅದೇ ಯಂತ್ರ ನಿಧಾನವಾಗಿ ತಿರುಗುವಾಗ ಗಾಳಿಗೆ ಆ ನುಗ್ಗು ಇರುವುದಿಲ್ಲ. ಆಗ ಬಾಗಿಲನ್ನು ತಡವಾಗಿ ಮುಚ್ಚಿದರೆ, ಮೇಲೇರುವ ಆಡುಬೆಣೆ ಒಳಬಂದ ಗಾಳಿಯನ್ನೇ ಬಂದ ದಾರಿಯಲ್ಲಿ ಹಿಂದಕ್ಕೆ ತಳ್ಳುವುದು. ಲೆಕ್ಕವನ್ನೇ ಹಾಕಿ ನೋಡೋಣ. ಕವಾಟವನ್ನು ಸುತ್ತಿನ ಆರನೆಯ ಒಂದು ಭಾಗದಷ್ಟು, ಎಂದರೆ ೬೦ ಡಿಗ್ರಿ, ತಡವಾಗಿ ಮುಚ್ಚುವ ಕ್ಯಾಮ್ ಇದೆಯೆನ್ನಿರಿ. ನಿಮಿಷಕ್ಕೆ ೬೦೦೦ ಸುತ್ತಿನಲ್ಲಿ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ. ಅದರ ಆರನೆಯ ಭಾಗವೆಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡಕ್ಕಿಂತ ಕಡಮೆ. ಹಿಂದಕ್ಕೆ ಹೋಗಲು ಗಾಳಿಗೆ ಅವಕಾಶವೇ ಇಲ್ಲ. ನಿಮಿಷಕ್ಕೆ ೧೦೦೦ ಸುತ್ತಿನಲ್ಲಾದರೆ ಅದೇ ೬೦ ಡಿಗ್ರಿಗೆ ಸಾವಿರದಲ್ಲಿ ಹತ್ತು ಭಾಗ ಕಾಲ ಹಿಡಿಯುವುದು. ಗಾಳಿಗೆ ಅದು ಧಾರಾಳವಾದ ಬಿಡುವು. ಕ್ಯಾಮ್ ಅಳೆಯುವುದು ಕೋನವನ್ನು. ಗಾಳಿ ಅರಿಯುವುದು ಕಾಲವನ್ನು. ಇವೆರಡರ ನಡುವಣ ಮನಸ್ತಾಪವೇ ನಮ್ಮ ವಿಷಯದ ತಿರುಳು.

ಇನ್ನೊಂದು ತೊಡಕೂ ಉಂಟು. ಹೊಗೆ ಹೊರಡುವ ಕೊನೆಯ ಗಳಿಗೆಗೂ ಗಾಳಿ ಬರುವ ಮೊದಲ ಗಳಿಗೆಗೂ ನಡುವೆ, ಎರಡು ಬಾಗಿಲುಗಳೂ ಕೂಡಿ ತೆರೆದಿರುವ ಒಂದು ಸಣ್ಣ ಅವಧಿಯನ್ನು ಇಟ್ಟಿರುವರು. ಇದನ್ನು ಸಂಧಿಕಾಲವೆಂದು ಕರೆಯೋಣ. ನಮ್ಮ ಹಳೆಯ ಅಡಿಗೆಮನೆಗಳಲ್ಲಿ ಒಲೆಯ ಹೊಗೆ ಗವಾಕ್ಷಿಯಿಂದ ಭರದಲ್ಲಿ ಮೇಲೇಳುವಾಗ ಬಾಗಿಲನ್ನು ತೆರೆದರೆ, ಹೊರಗಿನ ಹೊಸ ಗಾಳಿ ತಾನಾಗಿ ಒಳಕ್ಕೆ ಎಳೆಯಲ್ಪಡುತ್ತಿದ್ದಿತು. ಹೊಗೆಗೆ ಭರವಿಲ್ಲದ ದಿನ ಬಾಗಿಲು ತೆರೆದರೆ, ಹೊಗೆಯೇ ನಡುಮನೆಗೆ ತಿರುಗುತ್ತಿದ್ದಿತು. ಯಂತ್ರದಲ್ಲಿಯೂ ಹಾಗೆಯೇ. ಭರದ ಓಟದಲ್ಲಿ ಸಂಧಿಕಾಲವು ದೀರ್ಘವಾಗಿರುವುದು ಒಳ್ಳೆಯದು. ಹೊರಹೋಗುವ ಹೊಗೆ ಹೊಸ ಗಾಳಿಯನ್ನು ಸೆಳೆದುಕೊಳ್ಳುವುದು. ಬಂಡಿ ನಿಂತಿದ್ದು ಯಂತ್ರ ಮಾತ್ರ ಮೆಲ್ಲಗೆ ತಿರುಗುತ್ತಿರುವಾಗ ಅದು ಕೆಡುಕು. ಉರಿದ ಹೊಗೆ ಒಳಗವಾಟದ ಕಡೆಗೆ ಹಿಂತಿರುಗಿ ಹೊಸ ಮಿಶ್ರಣವನ್ನು ಕೆಡಿಸುವುದು, ಉರಿ ಹತ್ತದೆ ಯಂತ್ರ ನಡುಗುವುದು.

ಹೀಗಿರಲಾಗಿ ಹಿಂದಿನ ಯಂತ್ರಶಿಲ್ಪಿಗಳಿಗೆ ಒಂದೇ ಉಪಾಯವಿದ್ದಿತು: ರಾಜಿ. ಪಂದ್ಯದ ಬಂಡಿಗೆ ವೇಗದ ಕ್ಯಾಮ್ ಇಟ್ಟರು; ಅದು ಸಂತೆಯಲ್ಲಿ ನಡೆಯಲಾರದೆ ಕೆಮ್ಮುತ್ತಿದ್ದಿತು. ಹೇರಿನ ಬಂಡಿಗೆ ನಿಧಾನದ ಕ್ಯಾಮ್ ಇಟ್ಟರು. ಅದು ಬಯಲಿನಲ್ಲಿ ಓಡಲಾರದೆ ಸೋಲುತ್ತಿದ್ದಿತು. ಸಂಸಾರಿಗರ ಬಂಡಿಗೆ ಎರಡರ ನಡುವಣದೊಂದನ್ನು ಇಟ್ಟರು. ಅದು ಯಾವುದರಲ್ಲಿಯೂ ಪೂರ್ತಿ ಸೋಲದೆ, ಯಾವುದರಲ್ಲಿಯೂ ಪೂರ್ತಿ ಗೆಲ್ಲದೆ ಕಾಲ ತಳ್ಳಿತು. ೧೯೬೧ರಲ್ಲಿ ಮೈಸೂರಿನಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಓಡಿಸಿರಬಹುದು. ಅವುಗಳ ಎರಡು ನಡೆಯ ಯಂತ್ರದಲ್ಲಿ ಇಂತಹ ಕವಾಟಗಳೇ ಇರಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಆಡುಬೆಣೆಯೇ ಮುಚ್ಚಿ ತೆರೆಯುತ್ತಿದ್ದಿತು. ಅಲ್ಲಿಯೂ ಇದೇ ಕಥೆ. ಕಿಂಡಿಯನ್ನು ಒಮ್ಮೆ ಕೊರೆದ ಮೇಲೆ ಅದರ ವೇಳೆ ಕಲ್ಲಿನ ಮೇಲಿನ ಬರೆಹ.

ವಿನೋದವೇನೆಂದರೆ, ಮೋಟಾರು ಯಂತ್ರಕ್ಕೆ ಸಾಧ್ಯವಾಗದೆ ಉಳಿದಿದ್ದ ಈ ವಿದ್ಯೆ ಅದರ ಅಜ್ಜನಾದ ಹಬೆಯ ಯಂತ್ರಕ್ಕೆ ತಿಳಿದಿದ್ದಿತು. ಬೆಲ್ಜಿಯಮ್ ದೇಶದ ವಾಲ್ಷಾರ್ಟ್ಸ್ ಎಂಬಾತನು ೧೮೪೪ರಲ್ಲಿಯೇ ರೈಲುಗಾಡಿಗೆ ಒಂದು ಕವಾಟದ ಏರ್ಪಾಡನ್ನು ಕಲ್ಪಿಸಿದನು. ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ನಮ್ಮ ರೈಲುದಾರಿಯೂ ಬಹುಕಾಲ ಹಬೆಯ ಗಾಡಿಗಳನ್ನು ಕಂಡಿತು. ಅಂತಹ ಗಾಡಿಯ ಚಾಲಕನು ಹೊರಡುವಾಗ ಸನ್ನೆಯನ್ನು ಮುಂದಕ್ಕೆ ನೂಕಿ, ಆಡುಬೆಣೆಯ ನಡೆಯ ಮುಕ್ಕಾಲು ಪಾಲಿನವರೆಗೆ ಹಬೆಯನ್ನು ಬಿಡುತ್ತಿದ್ದನು. ಗಾಡಿ ವೇಗ ಹಿಡಿದ ಮೇಲೆ ಸನ್ನೆಯನ್ನು ಹಿಂದಕ್ಕೆಳೆದು, ಕಾಲು ಪಾಲಿಗೇ ಹಬೆಯನ್ನು ತಡೆದು, ಒಳಗಿದ್ದುದು ತಾನೇ ಹಿಗ್ಗಿ ದುಡಿಯುವಂತೆ ಮಾಡುತ್ತಿದ್ದನು. ಹೊರಡುವಾಗ ಬಲ, ಓಡುವಾಗ ಮಿತವ್ಯಯ. ನೀರುಗಂಟಿಯ ಕೆಲಸವನ್ನು ಅಲ್ಲಿ ಚಾಲಕನ ಕೈಯೇ ಮಾಡುತ್ತಿದ್ದಿತು.

ಮೋಟಾರಿನಲ್ಲಿ ಅದು ಅಷ್ಟು ಸುಲಭವಾಗಲಿಲ್ಲ. ನಿಮಿಷಕ್ಕೆ ೬೦೦೦ ಸುತ್ತಿನಲ್ಲಿ ಒಂದೊಂದು ಕವಾಟವೂ ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುವುದು. ಅಂತಹ ಓಟದ ನಡುವೆ ಅದರ ವೇಳೆಯನ್ನು ಬದಲಾಯಿಸಬೇಕು. ಮಾರಾಟದ ಕಾರಿನಲ್ಲಿ ಇದನ್ನು ಮೊದಲು ಸಾಧಿಸಿದ ಕೀರ್ತಿ ಇಟಲಿಯ ಆಲ್ಫಾ ರೋಮಿಯೋ ಸಂಸ್ಥೆಗೆ ಸಲ್ಲುವುದು. ಅದರ ಯಂತ್ರಶಿಲ್ಪಿ ಜಾಂಪಾವ್ಲೊ ಗಾರ್ಚೆಯಾ ಎಂಬಾತನ ಏರ್ಪಾಡು ೧೯೮೦ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಸ್ಪೈಡರ್ ಎಂಬ ಕಾರಿನಲ್ಲಿ ಬಂದಿತು. ಅಲ್ಲಿನ ಹೊಗೆಯ ನಿಬಂಧನೆಗಳು ಬಿಗಿಯಾಗಿದ್ದುವು. ನಿಂತಾಗ ಶುದ್ಧವಾಗಿ ಉರಿಯಬೇಕು, ಓಡುವಾಗ ಶಕ್ತಿಯೂ ಬೇಕು ಎಂಬ ಇಕ್ಕಟ್ಟೇ ಇದರ ಹುಟ್ಟಿಗೆ ಕಾರಣವಾಯಿತು.

ಆಮೇಲೆ ಬಂದ ಉಪಾಯಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಕ್ಯಾಮನ್ನು ಹಾಗೆಯೇ ಉಳಿಸಿಕೊಂಡು ಅದರ ವೇಳೆಯನ್ನು ಸರಿಸುವುದು. ಕ್ಯಾಮ್ ದಂಡವನ್ನು ತಿರುಗಿಸುವ ಹಲ್ಲುಚಕ್ರಕ್ಕೂ ದಂಡಕ್ಕೂ ನಡುವೆ ಒಂದು ಡಬ್ಬಿಯನ್ನಿಟ್ಟು, ಅದರೊಳಗೆ ರೆಕ್ಕೆಗಳನ್ನು ಕೂಡಿಸಿರುವರು. ರೆಕ್ಕೆಯ ಒಂದು ಮಗ್ಗುಲಿಗೆ ಯಂತ್ರದ ಎಣ್ಣೆಯನ್ನು ಒತ್ತಡದಿಂದ ಬಿಟ್ಟರೆ ದಂಡವು ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೂ, ಇನ್ನೊಂದು ಮಗ್ಗುಲಿಗೆ ಬಿಟ್ಟರೆ ಹಿಂದಕ್ಕೂ ಸರಿಯುವುದು. ಯಾವ ಮಗ್ಗುಲಿಗೆ ಎಷ್ಟು ಎಣ್ಣೆ ಎಂಬುದನ್ನು ವಿದ್ಯುತ್ತಿನಿಂದ ನಡೆಯುವ ಒಂದು ಸಣ್ಣ ಎಣ್ಣೆಕವಾಟ ನಿರ್ಧರಿಸುವುದು. ಅದಕ್ಕೆ ಅಪ್ಪಣೆ ಕೊಡುವುದು ಬಂಡಿಯ ಗಣಕಯಂತ್ರ. ಸುತ್ತಿನ ವೇಗವೆಷ್ಟು, ಕಾಲು ಎಷ್ಟು ಒತ್ತಿದೆ, ಯಂತ್ರ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಅದು ಕ್ಷಣಕ್ಷಣವೂ ವಿಚಾರಿಸುತ್ತಿರುವುದು.

ಈ ಬಗೆಯ ಯಂತ್ರದಲ್ಲಿ ಒಳಗವಾಟಕ್ಕೆ ಮೂರು ಕಾಲಗಳೆಂದು ಎಣಿಸಬಹುದು. ಬಂಡಿ ನಿಂತು ಯಂತ್ರ ಮಾತ್ರ ತಿರುಗುತ್ತಿರುವಾಗ ಕವಾಟ ತಡವಾಗಿ ತೆರೆಯುವುದು. ಸಂಧಿಕಾಲ ಬಹು ಕಡಮೆಯಾಗಿ, ಹೊಗೆ ಹಿಂತಿರುಗದೆ, ಯಂತ್ರ ಶಾಂತವಾಗಿರುವುದು. ಬಂಡಿ ನಿಧಾನದಿಂದ ಮೇಲೇಳುವಾಗ, ಏರನ್ನು ಹತ್ತುವಾಗ, ಕವಾಟದ ವೇಳೆ ಮುಂದಕ್ಕೆ ಸರಿಯುವುದು. ಬೇಗ ತೆರೆದು ಬೇಗ ಮುಚ್ಚುವುದರಿಂದ ಒಳಬಂದ ಗಾಳಿ ಹಿಂದಕ್ಕೆ ಹೋಗದೆ, ಕೆಳವೇಗದಲ್ಲಿಯೂ ಒಳ್ಳೆಯ ಎಳೆತ ದೊರೆಯುವುದು. ತೀರ ವೇಗದಲ್ಲಿ ಮತ್ತೆ ವೇಳೆ ಹಿಂದಕ್ಕೆ ಸರಿಯುವುದು. ತಡವಾಗಿ ಮುಚ್ಚುವುದರಿಂದ ನುಗ್ಗುವ ಗಾಳಿಯೆಲ್ಲ ಒಳಸೇರುವುದು. ಹೊರಗವಾಟದ ದಂಡವನ್ನೂ ಹೀಗೆಯೇ ಸರಿಸುವ ಯಂತ್ರಗಳಲ್ಲಿ ಹಿಡಿತ ಇನ್ನೂ ಹೆಚ್ಚು. ಸಾಧಾರಣ ಓಟದಲ್ಲಿ ಬೇಕೆಂದೇ ಸ್ವಲ್ಪ ಹೊಗೆಯನ್ನು ಸಿಲಿಂಡರಿನಲ್ಲಿ ಉಳಿಸಿಕೊಂಡು ಉರಿಯ ಕಾವನ್ನು ತಗ್ಗಿಸುವರು. ಅದರಿಂದ ಸಾರಜನಕದ ವಿಷಾನಿಲಗಳು ಕಡಮೆಯಾಗುವುವು. ೨೦೨೦ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ನಿಬಂಧನೆಗಳ ದಿನಗಳಲ್ಲಿ ಇದು ಸಣ್ಣ ಸಹಾಯವಲ್ಲ.

ಎರಡನೆಯ ಬಗೆಯ ಉಪಾಯವೆಂದರೆ ಕ್ಯಾಮನ್ನೇ ಬದಲಾಯಿಸುವುದು. ಒಂದೇ ದಂಡದ ಮೇಲೆ ನಿಧಾನಕ್ಕೆ ತಗ್ಗಿನ ಉಬ್ಬು, ವೇಗಕ್ಕೆ ಎತ್ತರದ ಉಬ್ಬು, ಎರಡನ್ನೂ ಇಟ್ಟು, ಗೊತ್ತಾದ ಸುತ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವರು. ಜಪಾನಿನ ಹೋಂಡಾ ಸಂಸ್ಥೆ ೧೯೮೯ರಲ್ಲಿ ಇಂಟೆಗ್ರಾ ಎಂಬ ಕಾರಿನಲ್ಲಿ ವಿಟೆಕ್ ಎಂಬ ಹೆಸರಿನಿಂದ ಇದನ್ನು ಪ್ರಸಿದ್ಧಿಗೆ ತಂದಿತು. ಅಲ್ಲಿ ಒಂದು ಜೊತೆ ಕವಾಟಗಳಿಗೆ ಮೂರು ಉಬ್ಬುಗಳು. ಕೆಳವೇಗದಲ್ಲಿ ಪಕ್ಕದ ಎರಡು ಉಬ್ಬುಗಳು ಕೆಲಸ ಮಾಡುವುವು. ನಡುವಣ ದೊಡ್ಡ ಉಬ್ಬು ಸುಮ್ಮನೆ ಆಡುತ್ತಿರುವುದು. ವೇಗ ಏರಿದಾಗ ಎಣ್ಣೆಯ ಒತ್ತಡದಿಂದ ಒಂದು ಸಣ್ಣ ಬೆಣೆ ಸರಿದು ಮೂರು ತೋಳುಗಳನ್ನೂ ಒಂದಾಗಿ ಬಿಗಿಯುವುದು. ಅಲ್ಲಿಂದ ಮುಂದೆ ದೊಡ್ಡ ಉಬ್ಬಿನದೇ ಆಳ್ವಿಕೆ. ಆ ಯಂತ್ರ ೧.೬ ಲೀಟರಿನದಾಗಿದ್ದು ೧೬೦ ಕುದುರೆಬಲವನ್ನು ಕೊಟ್ಟಿತು. ಸಾಮಾನ್ಯರ ಕಾರಿನಲ್ಲಿ, ಹೊರಗಿನಿಂದ ಗಾಳಿಯನ್ನು ತುರುಕದೆ, ಲೀಟರಿಗೆ ನೂರು ಕುದುರೆಬಲವೆಂಬುದು ಆ ಕಾಲಕ್ಕೆ ಬೆರಗಿನ ಮಾತಾಗಿದ್ದಿತು. ಇದೇ ತತ್ತ್ವ ಇಂದು ನಮ್ಮ ಕಾಲೇಜಿನ ಹುಡುಗರ ಬೈಕುಗಳಿಗೂ ಇಳಿದುಬಂದಿದೆ. ೨೦೧೮ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ೧೫೫ ಸಿ.ಸಿ.ಯ ಯಮಾಹಾ ಆರ್ ೧೫ ಬೈಕಿನಲ್ಲಿ ನಿಮಿಷಕ್ಕೆ ೭೪೦೦ ಸುತ್ತಿನ ಬಳಿ ಒಳಗವಾಟವು ತಗ್ಗಿನ ಉಬ್ಬಿನಿಂದ ಎತ್ತರದ ಉಬ್ಬಿಗೆ ದಾಟುವುದು.

ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆ ೨೦೦೧ರಲ್ಲಿ ಕವಾಟ ಎಷ್ಟು ಎತ್ತರಕ್ಕೆ ತೆರೆಯಬೇಕೆಂಬುದನ್ನೇ ಏಣಿಯ ಮೆಟ್ಟಿಲುಗಳಿಲ್ಲದೆ ಸರಾಗವಾಗಿ ಹೆಚ್ಚುಕಡಮೆ ಮಾಡುವ ಯಂತ್ರವನ್ನು ತಂದಿತು. ಇಟಲಿಯ ಫಿಯಟ್ ಸಂಸ್ಥೆ ೨೦೦೯ರಲ್ಲಿ ಕ್ಯಾಮಿಗೂ ಕವಾಟಕ್ಕೂ ನಡುವೆ ಎಣ್ಣೆಯ ಕಂಬವನ್ನೇ ನಿಲ್ಲಿಸಿ, ಆ ಎಣ್ಣೆಯನ್ನು ಬೇಕಾದಾಗ ಹೊರಬಿಟ್ಟು ಕವಾಟವನ್ನು ಬೇಕಾದಾಗ ಮುಚ್ಚಿಸುವ ಉಪಾಯವನ್ನು ಬಳಕೆಗೆ ತಂದಿತು.

ನಮ್ಮ ನಾಡಿಗೂ ಈ ವಿದ್ಯೆಗೂ ಇರುವ ಸಂಬಂಧ ದೂರದ್ದಲ್ಲ. ನಮ್ಮ ಪುಟ್ಟೇನಹಳ್ಳಿಯಿಂದ ಕನಕಪುರದ ರಸ್ತೆಯನ್ನು ದಾಟಿ ಮೈಸೂರಿನ ಹೆದ್ದಾರಿಯನ್ನು ಹಿಡಿದರೆ ಬಿಡದಿ ಸಿಗುವುದು. ೧೯೯೭ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ ಇರುವುದು ಅಲ್ಲಿಯೇ. ೧೯೯೯ರ ಡಿಸೆಂಬರಿನಲ್ಲಿ ಅಲ್ಲಿ ಕ್ವಾಲಿಸ್ ಬಂಡಿಗಳ ತಯಾರಿಕೆ ಆರಂಭವಾಯಿತು. ೨೦೦೩ರಲ್ಲಿ ಬಂದ ಕೊರೋಲಾ ಕಾರಿನ ೧.೮ ಲೀಟರಿನ ಯಂತ್ರದಲ್ಲಿಯೂ, ೨೦೦೫ರಲ್ಲಿ ಬಂದ ಇನ್ನೋವಾ ಬಂಡಿಯ ೨ ಲೀಟರಿನ ಪೆಟ್ರೋಲು ಯಂತ್ರದಲ್ಲಿಯೂ ಒಳಗವಾಟದ ವೇಳೆಯನ್ನು ಸರಿಸುವ ಏರ್ಪಾಡಿದ್ದಿತು. ೨೦೧೩ರಿಂದ ಅದೇ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್, ೨೦೨೨ರ ಬಳಿಕ ಇನ್ನೋವಾ ಹೈಕ್ರಾಸ್ ಬಂಡಿಗಳು ಸಿದ್ಧವಾದುವು. ಪೆಟ್ರೋಲು ಯಂತ್ರವೂ ವಿದ್ಯುತ್ ಮೋಟಾರೂ ಕೂಡಿ ನಡೆಯಿಸುವ ಈ ಬಂಡಿಗಳಲ್ಲಿ ಕವಾಟದ ವಿದ್ಯೆ ಒಂದು ವಿಚಿತ್ರ ತಿರುವನ್ನು ಪಡೆದಿದೆ. ಇಷ್ಟು ಹೊತ್ತು ನಾವು ಕೆಡುಕೆಂದು ಹೇಳಿದುದನ್ನೇ ಅಲ್ಲಿ ಬೇಕೆಂದು ಮಾಡುವರು: ಒಳಗವಾಟವನ್ನು ಬಹಳ ತಡವಾಗಿ ಮುಚ್ಚಿ, ಒಳಬಂದ ಗಾಳಿಯಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಳುಹಿಸಿಬಿಡುವರು. ಇದರಿಂದ ಅದುಮುವ ನಡೆ ಚಿಕ್ಕದಾಗಿ, ದುಡಿಯುವ ನಡೆ ದೊಡ್ಡದಾಗಿ, ಉರಿದ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುವುದು. ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್‌ಸನ್ ಎಂಬಾತನು ೧೮೮೦ರ ದಶಕದಲ್ಲಿ ತೊಡಕಿನ ಸನ್ನೆಗಳಿಂದ ಸಾಧಿಸಿದ ತತ್ತ್ವವಿದು. ಎಳೆತ ಕಡಮೆಯಾಗುವುದಲ್ಲವೆ ಎಂದರೆ, ಆಗುವುದು. ಆ ಕೊರತೆಯನ್ನು ವಿದ್ಯುತ್ ಮೋಟಾರು ತುಂಬಿಕೊಡುವುದು. ದೋಷವೂ ಗುಣವೂ ವಸ್ತುವಿನಲ್ಲಿಲ್ಲ, ವೇಳೆಯಲ್ಲಿದೆ.

ಬೆಂಗಳೂರಿನವರಿಗೆ ಈ ವಿಷಯದಲ್ಲಿ ಇನ್ನೂ ಒಂದು ಕಾರಣದಿಂದ ಆಸಕ್ತಿಯಿರಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಮೆ. ಎಂದರೆ ಒಂದೊಂದು ಉಸಿರಿನಲ್ಲಿಯೂ ಯಂತ್ರಕ್ಕೆ ಅಷ್ಟು ಗಾಳಿ ಕಡಮೆ ದೊರೆಯುವುದು. ಇದರ ಮೇಲೆ ನಮ್ಮ ರಸ್ತೆಗಳ ಸ್ಥಿತಿ: ಹತ್ತು ಮಾರು ನಡೆದು ನಿಲ್ಲುವುದು, ಮತ್ತೆ ಹತ್ತು ಮಾರು ನಡೆಯುವುದು. ನಮ್ಮ ಬಂಡಿಗಳ ಆಯುಷ್ಯದಲ್ಲಿ ದೊಡ್ಡ ಪಾಲು ಕೆಳಸುತ್ತುಗಳಲ್ಲಿಯೇ ಸವೆಯುವುದು. ಕೆಳವೇಗದಲ್ಲಿ ಯಂತ್ರವು ಹೇಗೆ ಉಸಿರಾಡುವುದೆಂಬುದು ಇಲ್ಲಿ ಪಂಡಿತರ ಚರ್ಚೆಯಲ್ಲ. ನಮ್ಮ ಜೇಬಿಗೂ ನಮ್ಮ ಪುಪ್ಪುಸಗಳಿಗೂ ಸೇರಿದ ವಿಷಯ.

ಈಗ ನಮ್ಮ ಬಂಡಿಯ ಕಥೆಗೆ ಹಿಂತಿರುಗುವೆವು. ಒಂದು ದೊಡ್ಡ ಸ್ಥಳಕ್ಕೆ ಕೊಂಡೊಯ್ದೆವು. ಯಂತ್ರವನ್ನು ಬಿಚ್ಚಬೇಕು ಎಂದು ಹೇಳಿ, ನಮ್ಮ ಒಂದು ತಿಂಗಳ ಸಂಬಳವನ್ನು ಮೀರಿದ ಅಂದಾಜನ್ನು ಕೈಗಿತ್ತರು. ಮನಸ್ಸೊಪ್ಪದೆ, ಮನೆಯ ಬಳಿಯ ಒಬ್ಬ ವೃದ್ಧ ಮೆಕ್ಯಾನಿಕ್ಕನಲ್ಲಿಗೆ ಹೋದೆವು. ಆತನು ಯಂತ್ರದ ನಡುಕವನ್ನು ಒಂದು ನಿಮಿಷ ಕಿವಿಗೊಟ್ಟು ಕೇಳಿ, "ಕೊನೇ ಸಲ ಎಣ್ಣೆ ಬದಲಾಯಿಸಿದ್ದು ಯಾವಾಗ ಮೇಷ್ಟ್ರೇ?" ಎಂದು ಕೇಳಿದನು. ನಮಗೆ ಥಟ್ಟನೆ ಉತ್ತರ ತೋಚಲಿಲ್ಲ. ಚೀಟಿಯನ್ನು ಹುಡುಕಿ ನೋಡಿದರೆ, ಇಪ್ಪತ್ತು ಸಾವಿರ ಕಿಲೋಮೀಟರು ದಾಟಿದ್ದಿತು. ಆತನು ಮಾತನಾಡದೆ, ಹೆಬ್ಬೆರಳಿನಷ್ಟು ದಪ್ಪದ ಆ ಎಣ್ಣೆಕವಾಟವನ್ನು ಒಂದೇ ತಿರುಪು ಬಿಚ್ಚಿ ಹೊರತೆಗೆದನು. ಟೀ ಸೋಸುವ ಜರಡಿಯಂತಹ ಅದರ ಸಣ್ಣ ಬಲೆಯಲ್ಲಿ ಕರಿಯ ಜಿಡ್ಡು ಡಾಂಬರಿನಂತೆ ಮೆತ್ತಿಕೊಂಡಿದ್ದಿತು.

"ನೋಡಿ ಮೇಷ್ಟ್ರೇ, ಇಂಜಿನ್ನಿಗೇನೂ ಆಗಿಲ್ಲ. ಇದು ಮುಂದಕ್ಕೆ ಹೋದದ್ದು ಹಿಂದಕ್ಕೆ ಬರೋಕಾಗದೆ ಸಿಕ್ಕಿಹಾಕಿಕೊಂಡಿದೆ, ಅಷ್ಟೇ."

ನಮಗೆ ಎಲ್ಲವೂ ಒಮ್ಮೆಗೇ ಸ್ಪಷ್ಟವಾಯಿತು. ಎಣ್ಣೆಕವಾಟ ಕಚ್ಚಿಕೊಂಡು, ಕ್ಯಾಮ್ ದಂಡ ಮುಂದೆ ಸರಿದ 'ನಡುಗಾಲ'ದಲ್ಲಿಯೇ ನಿಂತುಬಿಟ್ಟಿತ್ತು. ಆದ್ದರಿಂದಲೇ ನಡುವಣ ವೇಗದಲ್ಲಿ ಬಂಡಿ ಸರಿಯಾಗಿ ನಡೆಯುತ್ತಿದ್ದಿತು. ಸಿಗ್ನಲ್ಲಿನಲ್ಲಿ ನಿಂತಾಗ ಸಂಧಿಕಾಲ ಹೆಚ್ಚಾಗಿ, ಹೊಗೆ ಹಿಂತಿರುಗಿ, ಯಂತ್ರ ನಡುಗುತ್ತಿದ್ದಿತು. ತೀರ ವೇಗದಲ್ಲಿ ಕವಾಟ ಬೇಗ ಮುಚ್ಚಿ, ಗಾಳಿ ಸಾಲದೆ, ಏದುಸಿರು ಬರುತ್ತಿದ್ದಿತು. ಯಂತ್ರಶಿಲ್ಪಿಗಳು ನೂರು ವರ್ಷ ಹೆಣಗಿ ಗೆದ್ದ ಸ್ವಾತಂತ್ರ್ಯವನ್ನು ನಮ್ಮ ಅಲಕ್ಷ್ಯ ಒಂದು ಚಮಚದಷ್ಟು ಜಿಡ್ಡಿನಿಂದ ಕಸಿದುಕೊಂಡಿದ್ದಿತು. ಬಲೆಯನ್ನು ತೊಳೆದು, ಕವಾಟವನ್ನು ಶುದ್ಧಿಮಾಡಿ, ಹಳೆಯ ಎಣ್ಣೆಯನ್ನೂ ಸೋಸುಕವನ್ನೂ ಬದಲಾಯಿಸಿದಾಗ ಆದ ವೆಚ್ಚ ಮೊದಲಿನ ಅಂದಾಜಿನ ಎದುರಿಗೆ ಹೇಳಿಕೊಳ್ಳುವಂತಹುದಲ್ಲ. ಹಣವನ್ನು ತೆಗೆದುಕೊಳ್ಳುತ್ತ ಆತನು, "ನೀವು ನೂರು ಹುಡುಗರಿಗೆ ಪಾಠ ಹೇಳೋರು. ನಿಮಗೆ ನಾವು ಹೇಳೋ ಹಾಗಾಗಬಾರದು," ಎಂದು ಮೆಲ್ಲಗೆ ನಕ್ಕನು. ಆ ನಗು ನಮಗೆ ನ್ಯಾಯವಾಗಿಯೇ ಸಲ್ಲತಕ್ಕದ್ದು.

ಆದುದರಿಂದ ಕಾರುಳ್ಳ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಹಳೆಯ ಯಂತ್ರಗಳಲ್ಲಿ ಎಣ್ಣೆಯ ಕೆಲಸ ಮುಖ್ಯವಾಗಿ ಜಾರಿಸುವುದು, ತಣಿಸುವುದು. ಈ ಹೊಸ ಯಂತ್ರಗಳಲ್ಲಿ ಎಣ್ಣೆಯೇ ನೀರುಗಂಟಿಯ ಕೈ. ಅದು ಕೊಳೆತರೆ ಕೈ ಕಟ್ಟಿದಂತೆ. ತಯಾರಕರು ಸೂಚಿಸಿದ ತೆಳುವಿನ ಎಣ್ಣೆಯನ್ನೇ, ಸೂಚಿಸಿದ ಕಾಲಕ್ಕೆ ಬದಲಾಯಿಸಿರಿ. ಕಡಮೆ ಓಡಿಸುವೆವೆಂದು ಕಿಲೋಮೀಟರನ್ನು ಮಾತ್ರ ಎಣಿಸಬೇಡಿರಿ. ಸಿಗ್ನಲ್ಲಿನಲ್ಲಿ ನಿಂತಿರುವಾಗಲೂ ಯಂತ್ರ ತಿರುಗುತ್ತಲೇ ಇರುವುದು, ಎಣ್ಣೆ ಕೆಡುತ್ತಲೇ ಇರುವುದು. ನಿಂತಾಗ ನಡುಕ ಕಂಡರೆ, ಯಂತ್ರವನ್ನು ಬಿಚ್ಚಿಸುವ ಮುನ್ನ ಆ ಸಣ್ಣ ಎಣ್ಣೆಕವಾಟವನ್ನೊಮ್ಮೆ ನೋಡಿಸಿರಿ.

ಇನ್ನು ವಿದ್ಯುತ್ ಬಂಡಿಗಳು ಬಂದಿರುವಾಗ ಈ ಕವಾಟಗಳ ಪುರಾಣವೇತಕ್ಕೆ ಎಂದು ಯುವಕರು ಕೇಳಬಹುದು. ಪ್ರಶ್ನೆ ಸರಿಯಾದುದೇ. ವಿದ್ಯುತ್ ಮೋಟಾರಿಗೆ ಉಸಿರಾಟವಿಲ್ಲ. ನಿಂತಲ್ಲಿಂದಲೇ ಅದಕ್ಕೆ ತುಂಬು ಎಳೆತವುಂಟು. ನಿಧಾನವೂ ವೇಗವೂ ಅದರಲ್ಲಿ ಇಷ್ಟಾಗಿ ಜಗಳವಾಡುವುದಿಲ್ಲ. ಕನಕಪುರದ ರಸ್ತೆಯ ಮೇಲೆ ೨೦೧೭ರಿಂದ ಓಡುತ್ತಿರುವ ಮೆಟ್ರೋ ರೈಲನ್ನು ನೋಡಿದರೆ ಅದರ ಸೊಗಸು ತಿಳಿಯುವುದು. ಆದರೆ ಕೋಟಿಗಟ್ಟಲೆ ಪೆಟ್ರೋಲು ಯಂತ್ರಗಳು ಇಂದಿಗೂ ನಮ್ಮ ನಡುವೆ ಉಸಿರಾಡುತ್ತಿವೆ. ಅವು ಬಿಟ್ಟ ಉಸಿರನ್ನೇ ನಾವೂ ಎಳೆದುಕೊಳ್ಳುತ್ತಿರುವೆವು. ಇರುವಷ್ಟು ಕಾಲ ಅವು ಸರಿಯಾಗಿ ಉಸಿರಾಡುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಕಳೆದ ಮಂಗಳವಾರ ತಾಯಿಯವರನ್ನು ಬನಶಂಕರಿಯ ಗುಡಿಗೆ ಕರೆದುಕೊಂಡು ಹೋಗಿದ್ದೆವು. ಸಾರಕ್ಕಿಯ ಸಿಗ್ನಲ್ಲಿನಲ್ಲಿ ಬಂಡಿ ನಿಂತಿತು. ಕೆಂಪು ದೀಪ ಬಹಳ ಹೊತ್ತು ಉರಿಯಿತು. ತಾಯಿಯವರು ಬಾಗಿಲ ಮೇಲೆ ಕೈಯಿಟ್ಟು ನೋಡಿ, "ಗಾಡಿ ಆಫ್ ಮಾಡಿದೆಯೇನೋ?" ಎಂದು ಕೇಳಿದರು. ಮಾಡಿರಲಿಲ್ಲ. ಯಂತ್ರ ತಿರುಗುತ್ತಲೇ ಇದ್ದಿತು. ನಡುಕ ಮಾತ್ರ ಇರಲಿಲ್ಲ.